ಎಸರು ಕುದಿಯುತ್ತಿತ್ತು, ಪುಟ್ಟಿ

ಶ್ರೀನಿವಾಸಪುರ

ಚಿ. ಪುಟ್ಟಿಗೆ ಆಶೀರ್ವಾದಗಳು.

ಮೊನ್ನೆ ರಾತ್ರಿ ನೀನು ಫೋನ್ ಇಟ್ಟ ಮೇಲೆ ನಿಮ್ಮಮ್ಮ ಊಟ ಮಾಡಲಿಲ್ಲ. "ಅಜ್ಜಿಗಿಂತ ದುಡ್ಡು ಹೆಚ್ಚಾಯ್ತಾ ಅಪ್ಪಾ?" ಅಂದೆಯಲ್ಲ, ತಡೆಯಲಾಗದೆ ರೇಗಿಬಿಟ್ಟೆ. ತಪ್ಪು ನನ್ನದೇ. ಸಾಲ ಮಾಡಿಯಾದರೂ ಅಜ್ಜಿಯ ಅಲ್ಜೈಮರ್‌ಗೆ, ಆ ಮರೆವಿನ ಕಾಯಿಲೆಗೆ, ಲೆಕನೆಮ್ಯಾಬ್ ಇಂಜೆಕ್ಷನ್ ಕೊಡಿಸೋಣ ಅನ್ನೋ ಮೊಮ್ಮಗಳು ಎಷ್ಟು ಮನೇಲಿ ಇರ್ತಾಳೆ?

ನೀನು ಕಳಿಸಿದ್ದನ್ನೆಲ್ಲ ಎರಡೆರಡು ಸಲ ಓದಿದೆ. ಮಿದುಳಲ್ಲಿ ಕಟ್ಟಿಕೊಳ್ಳೋ ಅಮಿಲಾಯ್ಡ್ ಅನ್ನೋ ಪ್ರೋಟೀನನ್ನು ಲೆಕನೆಮ್ಯಾಬ್ ತೆಗೆಯುತ್ತೆ, ನಿಜ. ಆದರೆ 18 ತಿಂಗಳ ಪರೀಕ್ಷೆಯಲ್ಲಿ ಕಾಯಿಲೆ ಬೆಳೆಯೋದು ಶೇ. 27ರಷ್ಟು ನಿಧಾನವಾಯ್ತು, ನಿಲ್ಲಲಿಲ್ಲ. ಕೆಲವರಿಗೆ ಮಿದುಳಲ್ಲಿ ಊತ, ರಕ್ತಸ್ರಾವ ಆಗಿದೆ. ಅದೂ ಅಲ್ಲದೆ ಅದು ಕಾಯಿಲೆ ಹೊಸದಾಗಿ ಶುರುವಾದವರಿಗೆ ಮಾತ್ರ. ಅಜ್ಜಿ ಆ ಹಂತ ದಾಟಿ ಎಷ್ಟೋ ದಿನವಾಯ್ತು.

ದಾಟಿದ್ದು ನನ್ನ ಕಣ್ಣೆದುರಿಗೇ. ನೀನಾಗ ಹಾಸ್ಟೆಲಿನಲ್ಲಿದ್ದೆ. ಮಂಡಿಯಿಂದ ಬಂದೆ, ಹೊಟ್ಟೆ ಹಸಿದಿತ್ತು. ಒಲೆ ಮೇಲೆ ಎಸರು ಕುದೀತಿತ್ತು, ಪಕ್ಕದಲ್ಲಿ ಮೊರದ ತುಂಬ ರಾಗಿ ಹಿಟ್ಟು. ಅಜ್ಜಿ ಹಿಟ್ಟಿನ ಕೋಲು ಹಿಡಿದು ಸುಮ್ಮನೆ ನಿಂತಿದ್ದಳು. ಎಸರು ಅರ್ಧಕ್ಕರ್ಧ ಇಂಗಿತ್ತು. "ಇದಾದ ಮೇಲೆ ಏನಪ್ಪಾ ಮಾಡೋದು?" ಅಂದಳು. ಐವತ್ತು ವರ್ಷ ಈ ಮನೆಗೆ ಮುದ್ದೆ ತೊಳಸಿದವಳು! ನಾನು "ನಾಟಕ ಆಡ್ತೀಯಾ?" ಅಂತ ಕೂಗಿ ಕೋಲು ಕಿತ್ತುಕೊಂಡೆ. ಸೆರಗಲ್ಲಿ ಕೈ ಒರೆಸಿಕೊಂಡಳು. ಕೈಗೆ ಹಿಟ್ಟೇ ಅಂಟಿರಲಿಲ್ಲ, ಪುಟ್ಟಿ. ಆದರೂ ಒರೆಸಿಕೊಳ್ತಾನೇ ಇದ್ದಳು.

ಅದಾದ ಮೇಲೂ ಎರಡು ವರ್ಷ ಅರಳು ಮರಳು ಅಂದುಕೊಂಡು ಕೂತೆ. ಆಗ ಈ ಇಂಜೆಕ್ಷನ್ ಇರಲಿಲ್ಲ, ಗೊತ್ತು. ಡೊನೆಪೆಜಿಲ್ ಮಾತ್ರೆ ಇತ್ತು. ಅದಕ್ಕೆ ಅಮೆರಿಕದಲ್ಲಿ 1996ರಲ್ಲೇ ಒಪ್ಪಿಗೆ ಸಿಕ್ಕಿತ್ತು. ಅದರಿಂದ ವಾಸಿಯಾಗಲ್ಲ, ಆದರೂ ಸ್ವಲ್ಪ ಕಾಲ ಆಸರೆಯಾಗ್ತಿತ್ತೇನೋ. ಹೋಗಲಿ, ಮಾತ್ರೆ ಬೇಡ. ಕೋಲು ಕಿತ್ತುಕೊಳ್ಳದೆ "ಹಿಟ್ಟು ಹುಯ್ಯಮ್ಮ" ಅಂತ ಒಂದು ಮಾತು ಹೇಳಬಹುದಿತ್ತು. ಈಗಲೂ ಎಸರಿನ ಸದ್ದು ಕೇಳಿದರೆ ಎದ್ದು ಆಚೆ ಹೋಗ್ತೀನಿ.

"ಅವರಿಗೆ ಯಾಕೆ ರಕ್ತ ಕೊಡ್ತೀಯ, ಅಜ್ಜಿಗೇನು ಬಂತು?" ಅಂತಲೂ ಕೇಳಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರದವರು 2018ರಿಂದ ನಮ್ಮ ತಾಲ್ಲೂಕಿನ ಹಳ್ಳಿಗಳಲ್ಲೇ ಮರೆವಿನ ಕಾಯಿಲೆ ಬಗ್ಗೆ ಅಧ್ಯಯನ ಮಾಡ್ತಿದ್ದಾರೆ. 45 ದಾಟಿದ, ಮರೆವಿಲ್ಲದ 10,000 ಜನರನ್ನು ವರ್ಷಗಟ್ಟಲೆ ಗಮನಿಸಬೇಕು ಅನ್ನೋದು ಅವರ ಗುರಿ. ರಕ್ತ, ನೆನಪಿನ ಪರೀಕ್ಷೆ, ಎಂಆರ್‌ಐ ಎಲ್ಲ ಇದೆ. ಇಲ್ಲಿವರೆಗಿನ ಸಂಶೋಧನೆ ಬಹುಪಾಲು ಪಾಶ್ಚಾತ್ಯ ದೇಶದವರ ಮೇಲೆ ನಡೆದದ್ದು. ಮುದ್ದೆ ತಿಂದು ತೋಟದಲ್ಲಿ ದುಡಿಯೋರ ಮಿದುಳಿಗೆ ಏನಾಗುತ್ತೆ ಅಂತ ಯಾರಾದರೂ ನೋಡಬೇಕಲ್ಲ? ಅಜ್ಜಿಗೆ ಏನೂ ಬರಲ್ಲ. ನಿನಗೆ ಬಂದೀತು.

ನನಗೂ ಭಯ ಇದೆ. ಹೋದ ವಾರ ತೋಟದ ಬೀಗದ ಕೈ ಎಲ್ಲಿಟ್ಟೆ ಅಂತ ನೆನಪಾಗದೆ ಬೆವೆತುಹೋದೆ. ನಿಮ್ಮಮ್ಮನಿಗೆ ಹೇಳಿಲ್ಲ. ನೀನೂ ಈಗಿಂದಲೇ ಬಿಪಿ, ಶುಗರ್ ನೋಡಿಸಿಕೋ. ಮೂರು ಗಂಟೆವರೆಗೆ ಎದ್ದಿರಬೇಡ. ಕಿವೀಲಿ ಅಷ್ಟು ಜೋರಾಗಿ ಹಾಡು ಹಾಕಿಕೊಳ್ಳಬೇಡ. 2024ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯ ಆಯೋಗ ಮರೆವಿನ ಕಾಯಿಲೆಗೆ ನಾವು ತಿದ್ದಿಕೊಳ್ಳಬಹುದಾದ 14 ಕಾರಣ ಪಟ್ಟಿ ಮಾಡಿದೆ. ಅದರಲ್ಲಿ ಬಿಪಿ, ಶುಗರ್, ಕಿವಿ ಮಂದವಾಗೋದು ಎಲ್ಲ ಇದೆ. ನಡಿ, ದಿನಾ ನಡಿ. ಬೇಜಾರು ಮಾಡಿಕೋಬೇಡ, ಭಯಕ್ಕೆ ಹೇಳ್ತಿದ್ದೀನಿ.

ನಿನ್ನೆ ನಿಮ್ಮಮ್ಮ ಬಿಸಿ ಹಿಟ್ಟನ್ನು ಮಣೆ ಮೇಲೆ ಹಾಕಿ ಅಜ್ಜಿ ಮುಂದೆ ಇಟ್ಟಳು. ಅಜ್ಜಿ ತಾನಾಗೇ ಕೈ ನೀರಿಗೆ ಅದ್ದಿ ಮುದ್ದೆ ಕಟ್ಟಿದಳು, ಗುಂಡಗೆ. ಸಾಲದ ಯೋಚನೆ ಬಿಡು, ರಜೆ ಹಾಕಿ ಬಾ. ಬಾದಾಮಿ ಮಾವಿನ ಹಣ್ಣು ಶುರುವಾಗಿದೆ. ಬರುವಾಗ ಮುಂದುಗಡೆ ಗುಂಡಿ ಇರೋ ನೈಟಿ ಎರಡು ತಗೊಂಡು ಬಾ. ಅಜ್ಜಿಗೆ ಸೀರೆ ಉಡಿಸೋಕೆ ಈಗ ಆಗ್ತಿಲ್ಲ.

ಇಂತಿ,
ಅಪ್ಪ