ವಾರದ ಅಡುಗೆ ಖರ್ಚು ಇಳಿಸಲು

ಎಲ್ಲರಿಗೂ ನಮಸ್ಕಾರ. ದಿನಸಿ, ತರಕಾರಿ ಖರ್ಚು ಜಾಸ್ತಿ ಆಯ್ತು ಅಂತ ಹಲವರು ಬರೆದಿದ್ದೀರಿ. ಹಾಸನದ ಸಂತೆಗೆ ಸಂಜೆ ಹೋಗಿ ನೋಡಿ. ಸೊಪ್ಪಿನವರು ಮನೆಗೆ ಹೊರಡುವ ಹೊತ್ತಿಗೆ ಬೆಲೆ ಇಳಿಸುತ್ತಾರೆ. ಕಟ್ಟಿನ ಒಳಗೆ ಕೊಳೆತಿದೆಯಾ ಅಂತ ಬಿಚ್ಚಿ ನೋಡಿ ತನ್ನಿ.

ವಾರಕ್ಕೆರಡು ಸಲ ಬಸ್ಸಾರು ಮಾಡಿ. ಹುರುಳಿಕಾಳು ರಾತ್ರಿಯೇ ನೆನೆಸಿ. ಬೆಳಿಗ್ಗೆ ಬೇಯಿಸಿ, ಕೊನೆಗೆ ಸೊಪ್ಪು ಹಾಕಿ, ಬಸಿಯಿರಿ. ಬಸಿದ ನೀರು, ಅಂದರೆ ಕಟ್ಟು, ಸಾರಿಗೆ; ಕಾಳು-ಸೊಪ್ಪು ಪಲ್ಯಕ್ಕೆ. ಒಂದು ಹಿಡಿ ಬೆಂದ ಕಾಳನ್ನು ಮಸಾಲೆ ಜೊತೆ ರುಬ್ಬಿದರೆ ಸಾರು ಗಟ್ಟಿಯಾಗುತ್ತದೆ, ತೊಗರಿಬೇಳೆ ಬೇಕಿಲ್ಲ. ಬಿಸಿ ಮುದ್ದೆ ಜೊತೆಗಿದ್ದರೆ ಮಕ್ಕಳೂ ಹೊಟ್ಟೆ ತುಂಬಾ ಉಣ್ಣುತ್ತಾರೆ. ಹಿಟ್ಟಿನ ಪ್ಯಾಕೆಟ್ ಸುಮ್ನೆ ಯಾಕೆ? ರಾಗಿ ಕೊಂಡು ಮಿಲ್ಲಿನಲ್ಲಿ ಬೀಸಿಸಿ.

ಆಲೂಗಡ್ಡೆ ಮೂಟೆ ಒಟ್ಟಿಗೆ ತಂದು ಹಂಚಿಕೊಳ್ಳೋಣ. ಯಾರಿಗೆ ಎಷ್ಟು ಕೆಜಿ ಬೇಕು, ಇಲ್ಲೇ ಬರೆಯಿರಿ.