ಕಾಡು ಕಾಯಲು ಬಂದ ಕುದುರೆಪಡೆ

ಆತ್ಮೀಯ ಓದುಗರೇ,

ಪ್ರತಿ ಬೇಸಿಗೆ ಮುಗಿಯುವ ಹೊತ್ತಿಗೆ ನಮ್ಮ ಸುದ್ದಿಪತ್ರಕ್ಕೆ ಕ್ಯಾಲಿಫೋರ್ನಿಯಾದ ಯೊಸೆಮಿಟಿ ರಾಷ್ಟ್ರೀಯ ಉದ್ಯಾನದ ಪ್ರವಾಸದ ಬರಹಗಳು ತಪ್ಪದೆ ಬರುತ್ತವೆ. ಅವುಗಳಲ್ಲಿ ಜಲಪಾತವಿರುತ್ತದೆ, ಹಾಫ್ ಡೋಮ್ ಎಂಬ ಹೆಬ್ಬಂಡೆ ಇರುತ್ತದೆ, ಬುತ್ತಿ ಕಟ್ಟಿಕೊಂಡು ಹೋದ ಪುಳಿಯೋಗರೆಯೂ ಇರುತ್ತದೆ. ಆ ಕಾಡನ್ನು ಮೊದಲು ಕಾದವರು ಯಾರೆಂಬ ಪ್ರಶ್ನೆ ಮಾತ್ರ ಇದುವರೆಗೆ ಒಂದರಲ್ಲೂ ಕಂಡಿಲ್ಲ. ನನಗೂ ಅದು ಹೊಳೆದಿರಲಿಲ್ಲವೆಂದು ಒಪ್ಪಿಕೊಂಡೇ ಈ ಸಂಪಾದಕೀಯವನ್ನು ಆರಂಭಿಸುತ್ತೇನೆ.

ಅಮೆರಿಕದ ರಾಷ್ಟ್ರೀಯ ಉದ್ಯಾನ ಸೇವೆ ಹುಟ್ಟಿದ್ದು 1916ರಲ್ಲಿ. ಅದಕ್ಕೂ ಇಪ್ಪತ್ತೈದು ವರ್ಷ ಮೊದಲಿನಿಂದಲೇ ಯೊಸೆಮಿಟಿ ಮತ್ತು ಸಿಕೋಯಾ ಉದ್ಯಾನಗಳ ಕಾವಲು ಸೈನ್ಯದ ಪಾಲಿಗೆ ಬಂದಿತ್ತು. 1899, 1903 ಮತ್ತು 1904ರಲ್ಲಿ ಆ ಕೆಲಸಕ್ಕೆ ಬಂದವರಲ್ಲಿ ‘ಬಫಲೋ ಸೋಲ್ಜರ್ಸ್’ ಎಂದು ಹೆಸರಾದ ಕಪ್ಪು ಜನಾಂಗದ ಸೈನಿಕರಿದ್ದರು. ಕ್ಯೂಬಾ ಮತ್ತು ಫಿಲಿಪೀನ್ಸ್ ಯುದ್ಧಗಳನ್ನು ಕಂಡ ದಳಗಳವು. ಸ್ಯಾನ್ ಫ್ರಾನ್ಸಿಸ್ಕೋದ ಪ್ರೆಸಿಡಿಯೊ ಸೇನಾನೆಲೆಯಿಂದ ಎರಡು ವಾರಗಳಷ್ಟು ಕಾಲ ಕುದುರೆಯ ಮೇಲೆ ಪಯಣಿಸಿ ಬೆಟ್ಟ ಸೇರುತ್ತಿದ್ದ ಅವರು ಬೇಟೆಗಾರರನ್ನು ತಡೆದರು, ಕಾಡ್ಗಿಚ್ಚು ಆರಿಸಿದರು, ಕಾಲುದಾರಿಗಳನ್ನು ನಿರ್ಮಿಸಿದರು. ಉದ್ಯಾನದೊಳಗೆ ಕುರಿ ಮೇಯಿಸುವವರಿಗೆ ಶಿಕ್ಷೆ ಕೊಡಿಸಲು ಸರಿಯಾದ ಕಾನೂನೇ ಇರಲಿಲ್ಲವಾದ್ದರಿಂದ, ಸೈನ್ಯ ತನ್ನದೇ ಉಪಾಯವೊಂದನ್ನು ಕಂಡುಕೊಂಡಿತ್ತು: ಕುರುಬನನ್ನು ಒಂದು ಗಡಿಯಾಚೆ, ಅವನ ಮಂದೆಯನ್ನು ಎದುರಿನ ಗಡಿಯಾಚೆ ಬಿಟ್ಟುಬರುವುದು. ಎರಡನ್ನೂ ಮತ್ತೆ ಒಂದುಗೂಡಿಸಿಕೊಳ್ಳುವಷ್ಟರಲ್ಲಿ ಅವನ ಬೇಸಿಗೆಯೇ ಕಳೆದುಹೋಗುತ್ತಿತ್ತು. ದನಕರುಗಳನ್ನು ಬಿಡಿಸಿಕೊಂಡು ಬರಲು ಹೋಗಿ ಮಡಿದವರಿಗೆ ವೀರಗಲ್ಲು ನಿಲ್ಲಿಸಿದ ನಾಡಿನಿಂದ ಬಂದ ನಮಗೆ, ಮಂದೆಯನ್ನು ಅಟ್ಟಿದ ಈ ಸೈನಿಕರ ಸಾಹಸ ತುಸು ವಿಚಿತ್ರವಾಗಿ ಕಾಣಬಹುದು.

ಇವರಲ್ಲಿ ಹೆಚ್ಚು ಹೇಳಬೇಕಾದದ್ದು ಕ್ಯಾಪ್ಟನ್ ಚಾರ್ಲ್ಸ್ ಯಂಗ್ ಅವರ ಬಗ್ಗೆ. 1864ರಲ್ಲಿ ಕೆಂಟಕಿಯಲ್ಲಿ, ಗುಲಾಮಗಿರಿಯಲ್ಲಿದ್ದ ತಂದೆತಾಯಿಗೆ ಹುಟ್ಟಿದ ಅವರು 1889ರಲ್ಲಿ ವೆಸ್ಟ್ ಪಾಯಿಂಟ್ ಸೈನಿಕ ಶಾಲೆಯಿಂದ ಪದವಿ ಪಡೆದ ಮೂರನೆಯ ಕಪ್ಪು ಅಧಿಕಾರಿ. ಫಿಲಿಪೀನ್ಸ್ ರಣರಂಗದಿಂದ ಮರಳಿದ ಮೇಲೆ, 1903ರ ಬೇಸಿಗೆಯಲ್ಲಿ ಸಿಕೋಯಾ ಉದ್ಯಾನದ ಹಂಗಾಮಿ ಮೇಲ್ವಿಚಾರಕರಾದರು. ದೈತ್ಯ ಸಿಕೋಯಾ ಮರಗಳಿರುವ ಜೈಂಟ್ ಫಾರೆಸ್ಟಿಗೆ ಆಗ ಗಾಡಿ ಹೋಗುವ ದಾರಿಯೇ ಇರಲಿಲ್ಲ. ಕವೇಯಾ ಎಂಬ ಸಮಾಜವಾದಿ ವಸಾಹತಿನವರು ಆರಂಭಿಸಿ ಅರ್ಧಕ್ಕೆ ನಿಂತಿದ್ದ ರಸ್ತೆಯನ್ನು ಯಂಗ್ ಅವರ ಜನ ಆಗಸ್ಟ್ ವೇಳೆಗೆ ಮರಗಳ ಬುಡಕ್ಕೇ ಮುಟ್ಟಿಸಿದರು. ಹಿಂದಿನ ಮೂರು ಬೇಸಿಗೆಗಳಲ್ಲಿ ಒಟ್ಟಾಗಿ ಆಗಿದ್ದಕ್ಕಿಂತ ಹೆಚ್ಚು ಕೆಲಸ ಆ ಒಂದೇ ಬೇಸಿಗೆಯಲ್ಲಿ ಆಯಿತು. ಜನಾಂಗಭೇದ ಅಷ್ಟು ಕಟುವಾಗಿದ್ದ ಕಾಲದಲ್ಲಿ ಬಿಳಿಯ ಕೆಲಸಗಾರರೂ ಅವರ ಆಜ್ಞೆಯಂತೆ ದುಡಿದರು ಎಂಬುದು ರಸ್ತೆಗಿಂತ ದೊಡ್ಡ ಸಂಗತಿಯೆಂದು ನನಗೆ ತೋರುತ್ತದೆ.

ಆದರೂ ಈ ಕಥೆ ಬಹುಕಾಲ ಮರೆಯಲ್ಲೇ ಉಳಿಯಿತು. ಅದನ್ನು ಜನರ ಮುಂದೆ ತಂದವರು ಡೆಟ್ರಾಯಿಟ್ ಮೂಲದ, ಕಪ್ಪು ಜನಾಂಗದ ಉದ್ಯಾನ ಪಾಲಕ (ರೇಂಜರ್) ಶೆಲ್ಟನ್ ಜಾನ್ಸನ್. ಯೊಸೆಮಿಟಿಯ ಸಂಶೋಧನಾ ಗ್ರಂಥಾಲಯದಲ್ಲಿ ಅವರ ಕಣ್ಣಿಗೆ ಬಿದ್ದದ್ದು 1899ರ ಒಂದು ಛಾಯಾಚಿತ್ರ: ಕುದುರೆಗಳ ಮೇಲೆ ಕುಳಿತ 24ನೇ ಪದಾತಿ ದಳದ ಕಪ್ಪು ಸೈನಿಕರು. ತಾವು ಯುದ್ಧ ಮಾಡದಿದ್ದರೂ ಅಂದಿನ ಅಶ್ವದಳದ ಸಮವಸ್ತ್ರ ತೊಟ್ಟು, ಸಾರ್ಜೆಂಟ್ ಒಬ್ಬನ ಬಾಯಿಂದ ‘ನಾನು’ ಎಂದೇ ಅವರು ಕಥೆ ಹೇಳತೊಡಗಿದರು. ಹರಿಕಥೆ ದಾಸರು ಕಥೆಯ ನಡುವೆ ಕ್ಷಣಮಾತ್ರದಲ್ಲಿ ಪಾತ್ರವೇ ಆಗಿಬಿಡುವುದನ್ನು ನೋಡಿ ಬೆಳೆದ ನಮಗೆ ಈ ಕಲೆಯನ್ನು ವಿವರಿಸಿ ಹೇಳಬೇಕಿಲ್ಲ. ಉದ್ಯಾನಕ್ಕೆ ಬರುವವರಲ್ಲಿ ತಮ್ಮ ಜನ ಅತಿ ವಿರಳವೆಂಬ ಕೊರಗು ಜಾನ್ಸನ್ ಅವರನ್ನು ಕಾಡುತ್ತಿತ್ತು. ಇಲ್ಲಿ ನಿಮ್ಮ ಹಿರಿಯರು ದುಡಿದಿದ್ದಾರೆ ಎಂದು ತಿಳಿಸುವುದೇ ಅವರು ಕಂಡುಕೊಂಡ ಕರೆಯೋಲೆ.

ರಸ್ತೆ ಮುಗಿದಾಗ ಒಂದು ಮರಕ್ಕೆ ಯಂಗ್ ಅವರ ಹೆಸರಿಡಲು ಅಲ್ಲಿನವರು ಮುಂದಾದರಂತೆ. ಅವರು ಒಪ್ಪದೆ, ಕಪ್ಪು ಜನರ ಶಿಕ್ಷಣಕ್ಕಾಗಿ ದುಡಿದ ನಾಯಕ ಬುಕರ್ ಟಿ. ವಾಷಿಂಗ್ಟನ್ ಅವರ ಹೆಸರನ್ನು ಇಡಿಸಿದರು. ಇಪ್ಪತ್ತು ವರ್ಷಗಳ ನಂತರವೂ ನಿಮಗೆ ಹಾಗೆಯೇ ಅನ್ನಿಸಿದರೆ ಆಗ ನೋಡೋಣ ಎಂದರು. ಆ ಹೊತ್ತಿಗೆ ಕರ್ನಲ್ ಆಗಿದ್ದ ಯಂಗ್ 1922ರಲ್ಲಿ ನೈಜೀರಿಯಾದ ಲಾಗೋಸಿನಲ್ಲಿ ತೀರಿಕೊಂಡರು. ಕರ್ನಲ್ ಯಂಗ್ ಹೆಸರಿನ ಮರ ಜೈಂಟ್ ಫಾರೆಸ್ಟಿನಲ್ಲಿ ಗುರುತಾದದ್ದು 2004ರಲ್ಲಿ. ಅವರ ರಸ್ತೆ ಈಗ ಕಾಲುದಾರಿಯಾಗಿ ಉಳಿದಿದೆ. ವಾಹನಗಳೆಲ್ಲ ಬೇರೆ ಹೆದ್ದಾರಿಯಲ್ಲಿ ಸಾಗುತ್ತವೆ.