ಬೀದರಿನ ಗೆಳೆಯನಿಗೆ: ಬಿಳಿ ಮೊದಲು, ಕೆಂಪು ಆಮೇಲೆ

ಮಂಗಳೂರು
ಆಟಿ ತಿಂಗಳು, ಮಳೆ ಬಿಡುವ ಲಕ್ಷಣ ಇಲ್ಲ

ಪ್ರಿಯ ಗೆಳೆಯಾ,

ನೀನು ಕಳಿಸಿದ ಫೋಟೋ ನೋಡಿದೆ. ಊಟದ ಮೇಜಿನ ಮೇಲೆ ಪೇಪರ್ ಹಾಸಿ, ಹಾಕ್ ಅನ್ನುವ ತರಬೇತಿ ಜೆಟ್ಟಿನ ಪ್ಲಾಸ್ಟಿಕ್ ಮಾಡೆಲ್ ಕಿಟ್ಟಿನ ಅಷ್ಟೂ ತುಂಡುಗಳನ್ನು ಒಂದೇ ಸಲಕ್ಕೆ ಫ್ರೇಮಿನಿಂದ ಕತ್ತರಿಸಿ ರಾಶಿ ಹಾಕಿದ್ದೀಯ. ಯಾವ ತುಂಡಿಗೆ ಯಾವ ನಂಬರ್ ಅಂತ ಇನ್ನು ಹುಡುಕುತ್ತಾ ಕೂರುವುದು ನಿನ್ನ ಕರ್ಮ. ಅದು ಹೇಗೂ ಸರಿಹೋಗುತ್ತದೆ ಬಿಡು. ನನಗೆ ತಲೆಬಿಸಿ ಆದದ್ದು ಎರಡನೇ ಫೋಟೋ ನೋಡಿ. ಯಾರೋ ಮಾಡಿದ ಹಾಕ್, ಮೂಗಿನಿಂದ ಬಾಲದವರೆಗೆ ಮಸಿ, ಮೈಯ ಹಾಳೆಗಳು ಕೂಡುವ ಪ್ಯಾನೆಲ್ ಗೆರೆಗಳೆಲ್ಲ ಕಾಡಿಗೆ ತೀಡಿದಷ್ಟು ಕಪ್ಪು. ಅದರ ಕೆಳಗೆ 'ನಂದೂ ಹೀಗೇ ಬರಬೇಕು' ಅಂತ ಬೇರೆ ಬರೆದಿದ್ದೀಯ. ಬೇಡ ಮಾರಾಯ. ಅದು ಯಾಕೆ ಬೇಡ ಅಂತ ಫೋನಿನಲ್ಲಿ ಹೇಳಿದರೆ ನೀನು ನಡುವೆ ಬಾಯಿ ಹಾಕುತ್ತೀಯ, ಅದಕ್ಕೇ ಪತ್ರ.

ಮೊದಲನೆಯದಾಗಿ, ನೀನಿರುವುದು ಬೀದರಿನಲ್ಲಿ. ದೇಶದಲ್ಲಿ ಹಾಕ್ ವಿಮಾನವನ್ನು ಅಂಗಳದಲ್ಲಿ ನಿಂತು ತಲೆ ಎತ್ತಿ ನೋಡಬಹುದಾದ ಊರು ಎಷ್ಟಿವೆ? ಅಸಲಿ ವಿಮಾನ ನಿನ್ನ ತಾರಸಿಯ ಮೇಲೆ ಹಾರುತ್ತಿರುವಾಗ ನೀನು ಇನ್ನೊಬ್ಬರ ಪ್ಲಾಸ್ಟಿಕ್ ವಿಮಾನ ನೋಡಿ ಬಣ್ಣ ಕಲಿಯಲು ಹೊರಟಿದ್ದೀಯ. ನಮ್ಮ ಈ ಹವ್ಯಾಸದ ದೊಡ್ಡ ರೋಗವೇ ಇದು. ಒಬ್ಬ ಮಾಡಿದ ಮಾಡೆಲ್ ನೋಡಿ ಇನ್ನೊಬ್ಬ ಮಾಡುತ್ತಾನೆ, ಅವನದ್ದನ್ನು ನೋಡಿ ಮತ್ತೊಬ್ಬ. ಒಬ್ಬೊಬ್ಬನ ಕೈ ದಾಟಿದಾಗಲೂ ಮಸಿ ಒಂದು ಪದರ ಹೆಚ್ಚುತ್ತದೆ. ಕೊನೆಗೆ ವಿಮಾನ ಹೇಗಿತ್ತು ಅನ್ನುವುದೇ ಯಾರಿಗೂ ನೆನಪಿರುವುದಿಲ್ಲ.

ಯುದ್ಧವಿಮಾನದ ಬಣ್ಣ ಅಡಗುವುದಕ್ಕೆ. ತರಬೇತಿ ವಿಮಾನದ ಬಣ್ಣ ಕಾಣಿಸಿಕೊಳ್ಳುವುದಕ್ಕೆ. ಆಕಾಶದಲ್ಲಿ ಕಲಿಯುವ ಹುಡುಗರೇ ತುಂಬಿರುವಾಗ ಒಬ್ಬರಿಗೊಬ್ಬರು ದೂರದಿಂದಲೇ ಕಣ್ಣಿಗೆ ಬೀಳಬೇಕು, ಅಷ್ಟೇ ಲೆಕ್ಕ. ನಮ್ಮ ಕಿರಣ್ ವಿಮಾನಗಳಿಗೆ ಬಿಳಿಯ ಜೊತೆ ಕಣ್ಣು ಕುಕ್ಕುವ ಕೇಸರಿ-ಕೆಂಪು ಇದ್ದದ್ದು ಅದಕ್ಕೇ. ಬ್ರಿಟನ್ನಿನ ವಾಯುಪಡೆಯವರು ಇದನ್ನೇ ಪರೀಕ್ಷೆ ಮಾಡಿ ನೋಡಿ, 1990ರ ದಶಕದಲ್ಲಿ ತಮ್ಮ ಹಾಕ್‌ಗಳ ಕೆಂಪು-ಬಿಳಿ ತೆಗೆದು ಹೊಳೆಯುವ ಕಪ್ಪು ಹಚ್ಚಿದರು. ಬೆಳ್ಳನೆ ಮೋಡದ ಎದುರು ಕಪ್ಪೇ ಎಲ್ಲಕ್ಕಿಂತ ಬೇಗ ಕಾಣುತ್ತದಂತೆ. ಹಾಗಾಗಿ ಇಂಥ ಮಾಡೆಲ್ ಮಾಡುವವನಿಗೆ ಅಡಗಲು ಜಾಗವೇ ಇಲ್ಲ. ಮಿಗ್ಗೋ ಜಾಗ್ವಾರೋ ಆದರೆ ಹಸಿರು-ಕಂದು ಪಟ್ಟೆಯ ಅಡಿಯಲ್ಲಿ ವಕ್ರ ಜೋಡಣೆ, ಉಜ್ಜಿದ ಗೀರು, ಪುಟ್ಟಿಯ ಗುಳಿ ಎಲ್ಲ ಮುಚ್ಚಿಹೋಗುತ್ತವೆ. ಹೊಳೆಯುವ ಬಿಳಿಯ ಮೇಲೆ ಒಂದು ಕೂದಲು ಬಿದ್ದರೂ ಅದು ಅಲ್ಲೇ ಕೂತು ನಿನ್ನನ್ನು ಅಣಕಿಸುತ್ತದೆ. ಮಸಿ ಮೆತ್ತುವುದು ಎಷ್ಟೋ ಸಲ ಇದನ್ನು ಮರೆಮಾಚುವ ಉಪಾಯ ಅಂತ ನನ್ನ ಗುಮಾನಿ.

ನಿನ್ನ ಊರಿನ ಕತೆ ನಿನಗೇ ಹೇಳುವುದು ಅಧಿಕಪ್ರಸಂಗ, ಆದರೂ ಕೇಳು. ಕಿರಣ್ ನಮ್ಮ ಬೆಂಗಳೂರಿನ ಎಚ್‌ಎಎಲ್‌ನ ಕೂಸು. ವಿ. ಎಂ. ಘಾಟಗೆ ಅವರ ತಂಡ ವಿನ್ಯಾಸ ಮಾಡಿದ್ದು, 1964ರ ಸೆಪ್ಟೆಂಬರ್ 4ರಂದು ಮೊದಲ ಹಾರಾಟ. ಶಿಷ್ಯ ಮತ್ತು ಗುರು ಅದರಲ್ಲಿ ಅಕ್ಕಪಕ್ಕ ಕೂರುತ್ತಾರೆ. 1996ರಲ್ಲಿ ಬೀದರಿನಲ್ಲಿ ವಾಯುಪಡೆಯ ಆಕಾಶ ಕಸರತ್ತಿನ ಸೂರ್ಯಕಿರಣ್ ತಂಡ ಕಟ್ಟಿದ್ದು ಇದೇ ವಿಮಾನದ ಮಾರ್ಕ್-2ರಲ್ಲಿ. 2009ರಲ್ಲಿ ಮೊದಲ ಪಾಠದ ಎಚ್‌ಪಿಟಿ-32 ವಿಮಾನಗಳನ್ನು ನೆಲಕ್ಕಿಳಿಸಿ ನಿಲ್ಲಿಸಿದಾಗ ಪಾಠಕ್ಕೇ ವಿಮಾನ ಸಾಲದೆ, ಪ್ರದರ್ಶನದ ಕಿರಣ್‌ಗಳೂ ಪಾಠಶಾಲೆಗೆ ಹೋಗಬೇಕಾಯಿತು. 2011ರಲ್ಲಿ ತಂಡ ನಿಂತಿತು, 2015ರಲ್ಲಿ ಹಾಕ್ ಏರಿ ಮತ್ತೆ ಬಂತು. ಈ ಹಾಕ್ ಬರುವುದಕ್ಕಾದರೂ ಎಷ್ಟು ಕಾಯಬೇಕಾಯಿತು ನೋಡು. ಯುದ್ಧವಿಮಾನ ಹತ್ತುವ ಮೊದಲು ಹುಡುಗರಿಗೆ ನಡುವೆ ಒಂದು ಒಳ್ಳೆಯ ಜೆಟ್ ಬೇಕು ಅಂತ ಲಾ ಫೊಂಟೇನ್ ಸಮಿತಿ ಹೇಳಿದ್ದು 1982ರಲ್ಲಿ. 66 ಹಾಕ್‌ಗಳಿಗೆ ಒಪ್ಪಂದ ಆದದ್ದು 2004ರಲ್ಲಿ. ಬೀದರಿನಲ್ಲಿ ಅವು ಸೇವೆಗೆ ಸೇರಿದ್ದು 2008ರ ಫೆಬ್ರವರಿಯಲ್ಲಿ. ಇಷ್ಟು ಕಾದು ತಂದ ವಿಮಾನವನ್ನು ಯಾರಾದರೂ ನಿನ್ನ ಆ ಫೋಟೋದ ಹಾಗೆ ಗ್ಯಾರೇಜಿನ ಲಾರಿ ಮಾಡಿಟ್ಟುಕೊಳ್ಳುತ್ತಾರಾ? ತೊಳೆಯುತ್ತಾರೆ, ಒರೆಸುತ್ತಾರೆ. ಪ್ರದರ್ಶನದ ವಿಮಾನವಾದರೆ ಕೇಳುವುದೇ ಬೇಡ.

ಒಂದು ಸಮಾಧಾನದ ಸಂಗತಿ, ನೀನು ತಂದದ್ದು ಸರಿಯಾದ ಡಬ್ಬಿ. ಅಂಗಡಿಯಲ್ಲಿ ಹೆಚ್ಚಾಗಿ ಕಾಣುವುದು ಬ್ರಿಟನ್ನಿನ ಕಸರತ್ತು ತಂಡ ರೆಡ್ ಆರೋಸ್ ಚಿತ್ರದ ಹಳೇ ಟಿ-1 ಹಾಕ್. ಅದರ ಮೂಗು ಮೊಂಡು. ನಮ್ಮ ವಾಯುಪಡೆಯ ಹಾಕ್ ಮಾರ್ಕ್-132ಕ್ಕೆ ಮೂಗು ಉದ್ದ. ಟಿ-1ಕ್ಕೆ ಸೂರ್ಯಕಿರಣ್ ಬಣ್ಣ ಬಳಿದರೆ ಬೀದರಿನ ಹುಡುಗರೇ ಹಿಡಿದು ನಿಲ್ಲಿಸಿ ಕೇಳುತ್ತಾರೆ. ಏರ್‌ಫಿಕ್ಸ್‌ನವರು 128/132 ಅಂತಲೇ ಬೇರೆ ಕಿಟ್ ಮಾಡಿದ್ದು ಸುಮ್ಮನೆ ಅಲ್ಲ.

ಈಗ ಬಣ್ಣ, ಅಂದರೆ ನೀನು ಹಚ್ಚಲು ಹೊರಟ ಸೂರ್ಯಕಿರಣ್‌ನ ಕೆಂಪು-ಬಿಳಿ. ಇಲ್ಲಿ ನನ್ನ ಕಷ್ಟ ಬೇರೆ, ನಿನ್ನದು ಬೇರೆ. ಮಂಗಳೂರಿನಲ್ಲಿ ಈಗ ಗೋಡೆ ಬೆವರುತ್ತಿದೆ, ಉಪ್ಪಿನ ಡಬ್ಬಿಯಲ್ಲಿ ನೀರು. ಇಂಥ ಹವೆಯಲ್ಲಿ ಲ್ಯಾಕರ್ ಬಣ್ಣ ಸ್ಪ್ರೇ ಮಾಡಿದರೆ ಅದರ ಥಿನ್ನರ್ ಬೇಗ ಆರಿಹೋಗುವ ಭರದಲ್ಲಿ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವ ಅಲ್ಲೇ ಕೂತು, ಚೆಂದದ ಕೆಂಪಿನ ಮೇಲೆ ಹಾಲು ಚೆಲ್ಲಿದಂತೆ ಮಂಜು ಕಟ್ಟುತ್ತದೆ. ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನು ನಿಧಾನ ಆರುವ ಥಿನ್ನರ್ ಹಾಕದೆ ಸ್ಪ್ರೇ ಮುಟ್ಟುವುದಿಲ್ಲ. ಬಣ್ಣ ಹೊಡೆದ ತುಂಡುಗಳು ಹೋಗುವುದು ಬಲ್ಬ್ ಉರಿಯುವ ಹಳೇ ಕಪಾಟಿಗೆ. ಮೊದಲು ಅಪ್ಪನ ಕ್ಯಾಮೆರಾ ಲೆನ್ಸಿಗೆ ಬೂಸ್ಟು ಬಾರದಿರಲಿ ಅಂತ ಮಾಡಿದ ಕಪಾಟು ಅದು, ಈಗ ವಿಮಾನಗಳ ಹ್ಯಾಂಗರ್. ಮನೆಯವಳು ಅದಕ್ಕೆ ಒಣಮೆಣಸು ಇಡಬೇಕು ಅಂತ ಕಣ್ಣು ಹಾಕಿ ಕೂತಿದ್ದಾಳೆ.

ನಿನ್ನ ಬೀದರಿನ ಒಣ ಹವೆಯಲ್ಲಿ ಉಲ್ಟಾ ಆಗುತ್ತದೆ. ಅಕ್ರಿಲಿಕ್ ಬಣ್ಣ ಏರ್‌ಬ್ರಶ್‌ನ ತುದಿಯಲ್ಲೇ ಒಣಗಿ ಸೂಜಿ ಕಚ್ಚಿಕೊಳ್ಳುತ್ತದೆ, ಇಲ್ಲವೇ ಗಾಳಿಯಲ್ಲೇ ಅರ್ಧ ಒಣಗಿ ಪುಡಿಯಾಗಿ ಬಂದು ಕೂರುತ್ತದೆ. ಮೈ ಮುಟ್ಟಿದರೆ ಮರಳು ಕಾಗದ. ಬಣ್ಣಕ್ಕೆ ನಾಲ್ಕು ಹನಿ ರಿಟಾರ್ಡರ್ (ಒಣಗುವುದನ್ನು ತಡಮಾಡುವ ದ್ರವ) ಸೇರಿಸು, ಹತ್ತಿರದಿಂದ ಹೊಡೆ, ಒಂದೊಂದು ಕೋಟನ್ನೂ ತೆಳ್ಳಗೆ ಕೊಡು. ಮಧ್ಯಾಹ್ನ ಬೇಡ, ಬೆಳಿಗ್ಗೆ ಮಾಡು.

ಬಿಳಿ ಮೊದಲಾ ಕೆಂಪು ಮೊದಲಾ ಅಂತ ಕೇಳಿದ್ದೀಯ. ಬಿಳಿ ಮೊದಲು. ಇದರಲ್ಲಿ ವಾದವೇ ಇಲ್ಲ. ಬೂದು ಪ್ರೈಮರ್ ಹೊಡೆದು ಗೀರುಗಳನ್ನೆಲ್ಲ ಹುಡುಕಿ ಸಾವಿರ ನಂಬರಿನ ನೀರು ಕಾಗದದಲ್ಲಿ ಉಜ್ಜಿ, ಆಮೇಲೆ ಇಡೀ ವಿಮಾನಕ್ಕೆ ಬಿಳಿ. ಡಬ್ಬಿಯ ಬಿಳಿಯನ್ನು ಹಾಗೇ ಹಾಕಬೇಡ, ಒಂದು ಹನಿ ಬೂದು ಬೆರೆಸು. ಅಂಗೈಯಗಲದ ವಿಮಾನಕ್ಕೆ ಅಚ್ಚ ಬಿಳಿ ಬಿದ್ದರೆ ಆಟಿಕೆ ಆಗಿಬಿಡುತ್ತದೆ. ಕೆಂಪು ಪಾರದರ್ಶಕ ಸ್ವಭಾವದ ಬಣ್ಣ, ಬಿಳಿಯ ಮೇಲೆ ಉರಿಯುತ್ತದೆ, ಬೂದು ಬಣ್ಣದ ಮೇಲೆ ಹಳೇ ಹಂಚಿನ ಬಣ್ಣಕ್ಕೆ ತಿರುಗುತ್ತದೆ.

ಎಲ್ಲಕ್ಕಿಂತ ಮುಖ್ಯ, ಕಾಯುವುದು. ಇಲ್ಲಿ ನವರಾತ್ರಿಗೆ ಪಿಲಿವೇಷ, ಅಂದರೆ ಹುಲಿವೇಷ, ಕಟ್ಟುವಾಗ ನೋಡಿದ್ದೀಯಲ್ಲ, ತಳದ ಬಣ್ಣ ಮೈಯಲ್ಲಿ ಒಣಗುವ ತನಕ ಹುಡುಗ ಕೈ ಅಗಲಿಸಿ ನಿಂತೇ ಇರುತ್ತಾನೆ. ಆಮೇಲೆಯೇ ಪಟ್ಟೆ. ನಿನ್ನ ಹಾಕ್ ಕೂಡ ಹಾಗೇ ನಿಲ್ಲಲಿ. ಬಿಳಿ ಹೊಡೆದ ಮಾರನೇ ದಿನವೇ ಟೇಪ್ ಅಂಟಿಸಿದರೆ ಟೇಪಿನ ಜೊತೆ ಬಿಳಿಯೂ ಎದ್ದು ಬರುತ್ತದೆ.

ಟೇಪಿನ ಒಂದು ಗುಟ್ಟು ಹೇಳುತ್ತೇನೆ. ಅಂಟಿಸಿ, ಅಂಚನ್ನು ಉಗುರಿನಿಂದ ಒತ್ತಿದ ಮೇಲೆ ಸೀದಾ ಕೆಂಪು ಹೊಡೆಯಬೇಡ. ಮೊದಲು ಅದೇ ಬಿಳಿಯನ್ನು ಅಂಚಿನ ಮೇಲೆ ತೆಳ್ಳಗೆ ಒಂದು ಸಲ ಊದು. ಟೇಪಿನಡಿ ಎಲ್ಲಿ ಸಂದು ಇದೆಯೋ ಅಲ್ಲಿ ಬಿಳಿಯೇ ನುಗ್ಗಿ ಮುಚ್ಚಿಕೊಳ್ಳುತ್ತದೆ, ಬಿಳಿಯ ಮೇಲೆ ಬಿಳಿ ಯಾರಿಗೂ ಕಾಣುವುದಿಲ್ಲ. ಆಮೇಲೆ ಕೆಂಪಿಗೆ ಒಳನುಗ್ಗಲು ದಾರಿಯೇ ಉಳಿಯುವುದಿಲ್ಲ. ಕೆಂಪು ಪೂರ್ತಿ ಗಟ್ಟಿಯಾಗುವ ಮೊದಲೇ ಟೇಪನ್ನು ಅದರ ಮೇಲೇ ಮಡಚಿ, ಹಿಂದಕ್ಕೆ ನಿಧಾನ ಎಳಿ. ಬ್ಲೇಡಿನಲ್ಲಿ ಕೊಯ್ದಂಥ ಗೆರೆ ಬರುತ್ತದೆ. ಈ ಹವ್ಯಾಸದಲ್ಲಿ ನನಗೆ ಅತಿ ಇಷ್ಟದ ಕ್ಷಣ ಅದು, ಅದಕ್ಕೋಸ್ಕರ ಉಳಿದ ಕಾಟವನ್ನೆಲ್ಲ ಸಹಿಸಬಹುದು.

ಪ್ಯಾನೆಲ್ ಗೆರೆಯ ಲೆಕ್ಕ ಕೇಳು. ಕಿಟ್ 72ರಲ್ಲಿ ಒಂದರ ಅಳತೆ. ಹಾಕ್‌ನ ರೆಕ್ಕೆಯ ಹರಹು 9.94 ಮೀಟರ್, ಅದು ನಿನ್ನ ಮೇಜಿನ ಮೇಲೆ ಸುಮಾರು 138 ಮಿಲಿಮೀಟರ್. ಕಪ್ಪು ತೀಡಿದ ಗೆರೆ 0.3 ಮಿಲಿಮೀಟರ್ ಅಗಲ ಇದ್ದರೆ ಅಸಲಿ ವಿಮಾನದಲ್ಲಿ ಅದು ಎರಡು ಸೆಂಟಿಮೀಟರಿಗೂ ಹೆಚ್ಚಿನ ಬಿರುಕು. ಬೆರಳು ತೂರುವಷ್ಟು ಬಿರುಕಿರುವ ವಿಮಾನ ಹತ್ತುತ್ತೀಯಾ? ನಾನು ಮಾಡುವುದು ಇಷ್ಟೇ: ಅಲುಗಾಡುವ ಭಾಗಗಳು, ಅಂದರೆ ಏಲೆರಾನ್, ಫ್ಲ್ಯಾಪ್, ರಡ್ಡರ್, ಇವುಗಳ ಸಂದಿಗೆ ಸ್ವಲ್ಪ ಗಾಢ ವಾಶ್ (ನೀರಾಗಿಸಿದ ಬಣ್ಣ), ಯಾಕೆಂದರೆ ಅಲ್ಲಿ ನಿಜಕ್ಕೂ ಸಂದು ಇದೆ. ಉಳಿದ ಕಡೆ ಇದೆಯೋ ಇಲ್ಲವೋ ಅನ್ನುವ ಹಾಗೆ. ಬಿಳಿಯ ಮೇಲೆ ತಿಳಿ ಬೂದು, ಕೆಂಪಿನ ಮೇಲೆ ಗಾಢ ಕಂದು. ಕಪ್ಪು ಮಾತ್ರ ಎಲ್ಲೂ ಬೇಡ.

ಮಸಿ ಬೇಕೇ ಬೇಕು ಅಂತ ನಿನ್ನ ಕೈ ತುರಿಸಿದರೆ, ಅದಕ್ಕೂ ನ್ಯಾಯವಾದ ಜಾಗಗಳಿವೆ. ಕಾಕ್‌ಪಿಟ್‌ನ ಹಿಂದೆ, ಬೆನ್ನ ಮೇಲೆ, ಎಂಜಿನ್ ಚಾಲೂ ಮಾಡುವ ಪುಟ್ಟ ಟರ್ಬೈನಿನ ಹೊಗೆಬಾಯಿ ಇದೆ, ಅದರ ಹಿಂದೆ ತೆಳ್ಳಗೆ ಒಂದಿಷ್ಟು. ಜೆಟ್ ಪೈಪಿನ ಸುತ್ತ ಸುಟ್ಟ ಲೋಹದ ಕಂದು-ನೀಲಿ. ಸೂರ್ಯಕಿರಣ್ ಆದ್ದರಿಂದ ಹೊಗೆ ಬಿಡಲು ಡೀಸೆಲ್ ಚಿಮ್ಮಿಸುತ್ತಾರೆ, ಬಾಲದ ಕಡೆ ಸ್ವಲ್ಪ ಜಿಡ್ಡಿನ ಛಾಯೆ ಕೊಟ್ಟರೆ ಯಾರೂ ತಪ್ಪೆನ್ನುವುದಿಲ್ಲ. ಟಯರು ಕಪ್ಪಲ್ಲ, ಗಾಢ ಬೂದು. ಇಷ್ಟಕ್ಕೆ ಕೈ ಕಟ್ಟು.

ಉಳಿದ ಹುರುಪನ್ನೆಲ್ಲ ಕಾಕ್‌ಪಿಟ್‌ಗೆ ಸುರಿ. ಹಾಕ್‌ನಲ್ಲಿ ಗುರು ಶಿಷ್ಯನ ಹಿಂದೆ, ಸ್ವಲ್ಪ ಎತ್ತರದಲ್ಲಿ ಕೂರುತ್ತಾನೆ, ಮುಂದಿನವನ ತಲೆಯ ಮೇಲಿಂದ ದಾರಿ ಕಾಣಬೇಕಲ್ಲ. ಗಾಜು ಉದ್ದ, ಒಳಗಿನದ್ದೆಲ್ಲ ಬಯಲು. ಎರಡೂ ಸೀಟು ಮಾರ್ಟಿನ್-ಬೇಕರ್ ಕಂಪನಿಯ ಎಜೆಕ್ಷನ್ ಸೀಟುಗಳು. ತೊಡೆಗಳ ನಡುವೆ ಎಳೆಯುವ ಹಿಡಿ ಇರುತ್ತದೆ, ಹಳದಿ-ಕಪ್ಪು ಪಟ್ಟೆಯದ್ದು. ಹಳೇ ಇಯರ್‌ಫೋನಿನ ತಾಮ್ರದ ಎಳೆ ಬಗ್ಗಿಸಿ ಕುಣಿಕೆ ಮಾಡು, ಹಳದಿ ಹಚ್ಚು, ಒಣಗಿದ ಮೇಲೆ ಸೂಜಿಮೊನೆಯಿಂದ ಕಪ್ಪು ಚುಕ್ಕಿ ಮುಟ್ಟಿಸು. ಬೆಲ್ಟುಗಳಿಗೆ ಟೇಪನ್ನೇ ಸಣ್ಣ ಎಳೆಯಾಗಿ ಸೀಳಿದರೆ ಸಾಕು.

ಇನ್ನೊಂದು ಉಂಟು, ಬಹಳ ಜನ ಬಿಟ್ಟುಬಿಡುವುದು. ಹಾಕ್‌ನ ಗಾಜನ್ನು ಹತ್ತಿರದ ಫೋಟೋದಲ್ಲಿ ನೋಡು, ಒಳಗೆ ಬೆಳ್ಳಗೆ ಒಂದು ಹಾವಿನಂಥ ಗೆರೆ ಓಡಿರುತ್ತದೆ. ಅದು ಸ್ಫೋಟಕ ತುಂಬಿದ ಸಣ್ಣ ಬಳ್ಳಿ. ಪೈಲಟ್ ಹಿಡಿ ಎಳೆದ ಕೂಡಲೇ ಅದು ಸಿಡಿದು ಗಾಜನ್ನು ಪುಡಿ ಮಾಡುತ್ತದೆ, ಆಮೇಲೆ ಸೀಟು ಹೊರಗೆ ಹಾರುತ್ತದೆ. ಇದನ್ನು ಮಾಡಲು ಫ್ರೇಮಿನ ಪ್ಲಾಸ್ಟಿಕ್ ಕಡ್ಡಿಯನ್ನು ಮೇಣದಬತ್ತಿಯ ಮೇಲೆ ಹಿಡಿದು, ಮೆತ್ತಗಾದಾಗ ಜ್ವಾಲೆಯಿಂದ ಹೊರಗೆ ತೆಗೆದು ಎಳಿ. ಕೂದಲಿನಷ್ಟು ಸಪೂರ ನೂಲು ಬರುತ್ತದೆ. ಅದನ್ನು ಬಿಳಿ ಮಾಡಿ, ನೀರು ಬೆರೆಸಿದ ಫೆವಿಕಾಲ್‌ನಲ್ಲಿ ಒಳಮೈಗೆ ಕೂರಿಸು. ಗಾಜಿನ ಹತ್ತಿರ ಫೆವಿಕ್ವಿಕ್ ಸುಳಿಯಲೂ ಕೂಡದು, ಅದರ ಹಬೆಗೆ ಗಾಜು ಮಬ್ಬಾಗುತ್ತದೆ.

ಡೆಕಾಲ್, ಅಂದರೆ ಗುರುತಿನ ಸ್ಟಿಕ್ಕರ್, ಹಾಕುವ ಮುಂಚೆ ಹೊಳಪಿನ ವಾರ್ನಿಷ್ ಕಡ್ಡಾಯ. ಒರಟು ಮೈಯ ಮೇಲೆ ಅಂಟಿಸಿದರೆ ಅಡಿಯಲ್ಲಿ ಗಾಳಿ ಸಿಕ್ಕಿ ಬೆಳ್ಳಿಯ ಹಾಗೆ ಮಿನುಗುತ್ತದೆ. ನಮ್ಮ ವಾಯುಪಡೆಯ ವೃತ್ತದಲ್ಲಿ ಕೇಸರಿ ಹೊರಗೆ, ಹಸಿರು ನಡುವೆ. ಇದು ಗೊತ್ತಿದ್ದವರೂ ಕೈಯಲ್ಲಿ ಬಣ್ಣ ಹಿಡಿದಾಗ ತಲೆಕೆಳಗು ಮಾಡುತ್ತಾರೆ.

ನಿನಗೊಂದು ಪಾರ್ಸೆಲ್ ಕಳಿಸಿದ್ದೇನೆ. ಒಳಗೆ ರಿಟಾರ್ಡರ್, ಸಾವಿರದ ಕಾಗದ, ಮತ್ತೆ ಬಂದರಿನ ಮೀನು ಬಲೆ ಅಂಗಡಿಯಿಂದ ತಂದ ಗಾಳದ ಸೀಸದ ಗುಂಡುಗಳು. ಮೂಗಿನ ಎರಡು ಹೋಳು ಅಂಟಿಸುವ ಮೊದಲು ಆ ಗುಂಡುಗಳನ್ನು ಒಳಗೆ ತುಂಬು, ಇಲ್ಲದಿದ್ದರೆ ವಿಮಾನ ಬಾಲ ಊರಿ ಕೂತುಬಿಡುತ್ತದೆ. ಸೀಸ ಮುಟ್ಟಿದ ಕೈ ತೊಳಿ, ಮಗಳ ಕೈಗೆ ಕೊಡಬೇಡ. ಬದಲಿಗೆ ನೀನು ನನಗೆ ಒಂದು ಕೆಲಸ ಮಾಡಿಕೊಡಬೇಕು. ಮಳೆ ಬಿಟ್ಟು ಸೂರ್ಯಕಿರಣ್‌ನವರು ಅಭ್ಯಾಸಕ್ಕೆ ಏಳುವಾಗ ನಿನ್ನ ತಾರಸಿ ಹತ್ತಿ ನೋಡಿ, ಹೊಟ್ಟೆಯ ಕೆಳಗೆ ಕೆಂಪು ಎಲ್ಲಿಗೆ ನಿಂತು ಬಿಳಿ ಎಲ್ಲಿಂದ ಶುರುವಾಗುತ್ತದೆ ಅಂತ ಒಂದು ಕಾಗದದಲ್ಲಿ ಗೀಚಿ ಕಳಿಸು. ಫೋಟೋ ಬೇಡ, ವಾಯುನೆಲೆಯ ಹತ್ತಿರ ಫೋನ್ ಮೇಲೆತ್ತಿ ನಿಲ್ಲಬೇಡ. ನಿನ್ನ ಚಿತ್ರಕಲೆ ಹೇಗಿದ್ದರೂ ನಡೆಯುತ್ತದೆ, ನನ್ನ ಹಾಕ್‌ನ ಹೊಟ್ಟೆ ಇನ್ನೂ ಪ್ರೈಮರ್‌ನಲ್ಲೇ ಇದೆ.

ಇತಿ ನಿನ್ನ,
ಮಂಗಳೂರಿನವ